ಒಂದು ಹೊಡೆತದ ಲೆಕ್ಕ: ಬಾಬಿ ಜೋನ್ಸ್ ಎಂಬ ಮೆಕ್ಯಾನಿಕಲ್ ಎಂಜಿನಿಯರ್

2021ರ ಆಗಸ್ಟ್ 7, ಶನಿವಾರ. ಗಾಲ್ಫ್ ಅಂದ್ರೆ ಏನು ಅಂತಲೇ ಸರಿಯಾಗಿ ಗೊತ್ತಿಲ್ಲದ ನಾವೂ ಆವತ್ತು ಬೆಳಗ್ಗೆ ಟಿವಿ ಮುಂದೆ ಕೂತಿದ್ವಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಪದಕದ ಹತ್ತಿರ ಬಂದಿದ್ದರು. ನಾಲ್ಕು ದಿನ, 72 ಕುಳಿ ಆಡಿ ಮುಗಿಸಿದಾಗ ಅವರು ನಾಲ್ಕನೇ ಸ್ಥಾನದಲ್ಲಿದ್ದರು. ಬೆಳ್ಳಿಗಾಗಿ ಪ್ಲೇ-ಆಫ್ ಆಡಿದ ಇಬ್ಬರಿಗೂ ಅದಿತಿಗೂ ನಡುವೆ ಇದ್ದ ಅಂತರ ಒಂದೇ ಒಂದು ಹೊಡೆತ. ಇಂಟರ್ನಲ್ಸ್‌ನಲ್ಲಿ ಒಂದು ಮಾರ್ಕ್ ಕಡಿಮೆಯಾಗಿ ಅಟಕಾಯಿಸಿಕೊಂಡವರಿಗೆ ಈ ಸಂಕಟ ಬೇಗ ಅರ್ಥವಾಗುತ್ತೆ. ಅದಿತಿ ತುಂಬಾ ದೂರ ಹೊಡೆಯುವ ಆಟಗಾರ್ತಿ ಅಲ್ಲ. ಅವರನ್ನು ಅಲ್ಲಿಯವರೆಗೆ ತಂದದ್ದು ಕುಳಿಯ ಹತ್ತಿರದ ನಾಜೂಕಿನ ಆಟ, ಅಂದರೆ ಪಟಿಂಗ್.

ಆ ಒಂದು ಹೊಡೆತದ ಬೆಲೆ ಏನು ಅಂತ ಹುಡುಕುತ್ತಾ ಹೋದಾಗ ನಮಗೆ ಸಿಕ್ಕಿದ್ದು ನೂರು ವರ್ಷ ಹಿಂದಿನ ಒಬ್ಬ ಅಮೆರಿಕನ್ನನ ಕಥೆ. ಗಾಲ್ಫ್ ಲೋಕದಲ್ಲಿ ಅವರ ಹೆಸರು ಕೇಳದವರಿಲ್ಲ. ಆದರೆ ಅವರು ಜಾರ್ಜಿಯಾ ಟೆಕ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರು ಅನ್ನೋದು ನಮ್ಮ ಮೆಕ್ಯಾನಿಕಲ್ ಬ್ಲಾಕ್‌ನಲ್ಲಿ ಎಷ್ಟು ಜನಕ್ಕೆ ಗೊತ್ತು? ರಾಬರ್ಟ್ ಟೈರ್ ಜೋನ್ಸ್ ಜೂನಿಯರ್, ಎಲ್ಲರ ಬಾಯಲ್ಲಿ ಬಾಬಿ ಜೋನ್ಸ್.

ಗಾಲ್ಫ್ ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. 18 ಕುಳಿಗಳು. ಚೆಂಡನ್ನು ಎಷ್ಟು ಕಡಿಮೆ ಹೊಡೆತಗಳಲ್ಲಿ ಅವುಗಳಿಗೆ ಬೀಳಿಸುತ್ತೀರಿ ಅನ್ನೋದೇ ಆಟ. ಇಲ್ಲಿ ಸ್ಕೋರ್ ಕಡಿಮೆಯಾದಷ್ಟೂ ಒಳ್ಳೇದು. ಒಬ್ಬ ನುರಿತ ಆಟಗಾರನಿಗೆ ಬೇಕಾಗುವ ಹೊಡೆತಗಳ ಲೆಕ್ಕಕ್ಕೆ ಪಾರ್ ಅಂತ ಹೆಸರು. ದೊಡ್ಡ ಮೈದಾನಗಳಲ್ಲಿ ಅದು ಸಾಮಾನ್ಯವಾಗಿ 72 ಅಥವಾ ಅದರ ಆಸುಪಾಸು. ಈಗ ಸ್ವಲ್ಪ ಗಣಿತ. ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಜಾಗ ಗ್ರೀನ್. ಪಾರ್ ಲೆಕ್ಕ ಹಾಕುವಾಗ ಪ್ರತಿ ಗ್ರೀನ್ ಮೇಲೆ ಎರಡು ಪಟ್ ಅಂತ ಹಿಡಿಯುತ್ತಾರೆ. ಅಂದರೆ 72ರಲ್ಲಿ 36, ಸರಿಯಾಗಿ ಅರ್ಧ. 250 ಗಜ ಹಾರಿದ ಹೊಡೆತವೂ ಒಂದೇ, ಎರಡು ಇಂಚು ಉರುಳಿದ ಪಟ್ ಕೂಡ ಒಂದೇ. ಆದರೂ ಎಲ್ಲರೂ ಅಭ್ಯಾಸ ಮಾಡೋದು ಮಾತ್ರ ದೂರ ಹೊಡೆಯೋದನ್ನ.

ಬಾಬಿ ಹುಟ್ಟಿದ್ದು 1902ರ ಮಾರ್ಚ್ 17ರಂದು, ಜಾರ್ಜಿಯಾದ ಅಟ್ಲಾಂಟಾ ನಗರದಲ್ಲಿ. ಅಪ್ಪ ವಕೀಲರು. ಮಗು ತೀರಾ ಬಡಕಲು. ಐದು ವರ್ಷವಾಗುವ ತನಕ ಗಟ್ಟಿ ಆಹಾರವೇ ದಕ್ಕುತ್ತಿರಲಿಲ್ಲ. ಹವೆ ಒಳ್ಳೆಯದು ಅಂತ ಮನೆಯವರು ಊರ ಹೊರಗಿನ ಈಸ್ಟ್ ಲೇಕ್ ಗಾಲ್ಫ್ ಮೈದಾನದ ಪಕ್ಕ ಬೇಸಿಗೆ ಕಳೆಯಲು ಬಂದರು. ಅಲ್ಲಿ ಸ್ಟೂವರ್ಟ್ ಮೇಡನ್ ಅಂತ ಒಬ್ಬ ಕೋಚ್ ಇದ್ದರು. ಸ್ಕಾಟ್ಲೆಂಡಿನ ಕಾರ್ನೂಸ್ಟಿ ಊರಿನವರು, ಮಾತು ಬಲು ಕಮ್ಮಿ. ಪುಟ್ಟ ಬಾಬಿ ಅವರ ಹಿಂದೆ ಹಿಂದೆ ಸುತ್ತುತ್ತಿದ್ದ. ಅವರು ಹೇಗೆ ನಿಲ್ಲುತ್ತಾರೆ, ಕೋಲು ಹೇಗೆ ಬೀಸುತ್ತಾರೆ ಅಂತ ನೋಡಿ ಬಂದು ಮನೆಯ ಹತ್ತಿರ ಹಾಗೇ ಬೀಸುತ್ತಿದ್ದ. ಕೂರಿಸಿಕೊಂಡು ಪಾಠ ಹೇಳಿದವರು ಯಾರೂ ಇಲ್ಲ. ಲ್ಯಾಬ್‌ನಲ್ಲಿ ಸೀನಿಯರ್ ಮಾಡೋದನ್ನ ನೋಡಿ ನಾವು ಲೇತ್ ಹಿಡಿಯೋದು ಕಲಿತ ಹಾಗೆ ಅಂದುಕೊಳ್ಳಿ. ಒಂಬತ್ತನೇ ವಯಸ್ಸಿಗೆ ಕ್ಲಬ್ಬಿನ ಜೂನಿಯರ್ ಚಾಂಪಿಯನ್. 14ಕ್ಕೆ, 1916ರಲ್ಲಿ, ಜಾರ್ಜಿಯಾ ರಾಜ್ಯ ಚಾಂಪಿಯನ್. ಅದೇ ವರ್ಷ ಮೆರಿಯನ್‌ನಲ್ಲಿ ನಡೆದ ರಾಷ್ಟ್ರೀಯ ಅಮೆಚೂರ್ ಪಂದ್ಯಾವಳಿಯಲ್ಲಿ ದೊಡ್ಡವರನ್ನು ಸೋಲಿಸಿ ಕ್ವಾರ್ಟರ್ ಫೈನಲ್ ತಲುಪಿದ. ಪತ್ರಿಕೆಗಳೆಲ್ಲ ಈ ಹುಡುಗನ ಹಿಂದೆ ಬಿದ್ದವು.

ಆದರೆ ಆ ಮೇಲೆ ಏಳು ವರ್ಷ ದೊಡ್ಡ ಪ್ರಶಸ್ತಿ ಒಂದೂ ಬರಲಿಲ್ಲ. ಕೈಯಲ್ಲಿ ಚಂದದ ಸ್ವಿಂಗ್ ಇತ್ತು, ತಲೆಯಲ್ಲಿ ಬೆಂಕಿಯೂ ಇತ್ತು. ಹೊಡೆತ ಕೆಟ್ಟರೆ ಕೋಲನ್ನೇ ಎಸೆಯುತ್ತಿದ್ದ. ಒಮ್ಮೆ ಹಾಗೆ ಎಸೆದ ಕೋಲು ಪುಟಿದು ನೋಡಲು ಬಂದಿದ್ದ ಮಹಿಳೆಯೊಬ್ಬರ ಕಾಲಿಗೆ ತಾಗಿತು. 1921ರಲ್ಲಿ, 19ನೇ ವಯಸ್ಸಿನಲ್ಲಿ, ಗಾಲ್ಫಿನ ತವರು ಅನ್ನುವ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಬ್ರಿಟಿಷ್ ಓಪನ್ ಆಡಲು ಹೋದ. ಮೂರನೇ ಸುತ್ತಿನ ಮೊದಲ ಒಂಬತ್ತು ಕುಳಿಗೆ 46 ಹೊಡೆತ. 11ನೇ ಕುಳಿಯಲ್ಲಿ ಚೆಂಡು ಮರಳಿನ ಗುಂಡಿಗೆ ಬಿತ್ತು, ಏನು ಮಾಡಿದರೂ ಬರಲಿಲ್ಲ. ಬಾಬಿ ಚೆಂಡನ್ನು ಕೈಗೆತ್ತಿಕೊಂಡು, ಸ್ಕೋರ್ ಕಾರ್ಡ್ ಹರಿದು ಹಾಕಿ, ಪಂದ್ಯದಿಂದ ಹೊರಬಿದ್ದ. ಆನ್ಸರ್ ಶೀಟ್ ಹರಿದು ಹಾಲ್‌ನಿಂದ ಎದ್ದು ಬಂದ ಹಾಗೆ. ಅದು ಅವರ ಜೀವನದ ಅತಿ ದೊಡ್ಡ ನಾಚಿಕೆಯಾಗಿ ಕೊನೆಯವರೆಗೂ ಉಳಿಯಿತು.

ಈ ನಡುವೆ ಓದು ನಿಲ್ಲಲಿಲ್ಲ. 1922ರಲ್ಲಿ ಜಾರ್ಜಿಯಾ ಟೆಕ್‌ನಿಂದ ಮೆಕ್ಯಾನಿಕಲ್ ಪದವಿ. ಅಲ್ಲಿಂದ ಹಾರ್ವರ್ಡ್‌ಗೆ, ಅದೂ ಇಂಗ್ಲಿಷ್ ಸಾಹಿತ್ಯ ಓದೋಕೆ. 1924ರಲ್ಲಿ ಅದೂ ಮುಗಿಯಿತು. ಎಂಜಿನಿಯರಿಂಗ್ ಮಾಡಿ ಸಾಹಿತ್ಯದ ಹುಚ್ಚು ಹಿಡಿಸಿಕೊಂಡ ನಮ್ಮ ಕನ್ನಡ ಸಂಘದ ಸದಸ್ಯರೆಲ್ಲ ಇಲ್ಲಿ ಒಂದು ಸಲ ಕಾಲರ್ ಏರಿಸಬಹುದು. ಮುಂದೆ ಎಮೊರಿಯಲ್ಲಿ ಕಾನೂನು ಓದಿ, ಕೋರ್ಸ್ ಮುಗಿಯುವ ಮೊದಲೇ ವಕೀಲಿ ಪರೀಕ್ಷೆ ಪಾಸು ಮಾಡಿದರು. ಹೊಟ್ಟೆಪಾಡಿನ ವೃತ್ತಿ ಅದೇ. ಗಾಲ್ಫ್ ಆಡಿ ಒಂದು ಡಾಲರ್ ಬಹುಮಾನದ ಹಣವನ್ನೂ ಅವರು ಮುಟ್ಟಲಿಲ್ಲ, ಕೊನೆಯವರೆಗೂ ಅಮೆಚೂರ್ ಆಗಿಯೇ ಆಡಿದರು.

ಆಟ ಬದಲಾದದ್ದು ಎರಡು ಕಡೆಯಿಂದ. ಮೊದಲನೆಯದು ತಲೆ. 1913ರಲ್ಲಿ, ಹನ್ನೊಂದರ ಹುಡುಗನಾಗಿದ್ದಾಗ, ಹ್ಯಾರಿ ವಾರ್ಡನ್ ಎಂಬ ಮಹಾನ್ ಆಟಗಾರ ಈಸ್ಟ್ ಲೇಕ್‌ನಲ್ಲಿ ಆಡಿದ್ದನ್ನು ಬಾಬಿ ನೋಡಿದ್ದ. ವಾರ್ಡನ್ ಎದುರಾಳಿಯ ಕಡೆ ಗಮನವನ್ನೇ ಕೊಡದೆ, ಪ್ರತಿ ಕುಳಿಯಲ್ಲೂ ಪಾರ್ ಜೊತೆ ಮಾತ್ರ ಆಡುತ್ತಿದ್ದ ಹಾಗೆ ಕಂಡಿತ್ತು. ಆ ನೋಟದ ಅರ್ಥ ತಲೆಗೆ ಇಳಿಯೋಕೆ ವರ್ಷಗಳೇ ಬೇಕಾದವು. ಎದುರಾಳಿ ಬದಲಾಗುತ್ತಾನೆ, ಒಂದು ದಿನ ಚೆನ್ನಾಗಿ ಆಡುತ್ತಾನೆ, ಇನ್ನೊಂದು ದಿನ ಎಡವುತ್ತಾನೆ. ಪಾರ್ ಮಾತ್ರ ಮಹಾ ತಾಳ್ಮೆಯ ಮುದುಕ. ಅವನಿಗೆ ಸಿಟ್ಟಿಲ್ಲ, ಸಂಭ್ರಮವೂ ಇಲ್ಲ. ಅವನ ಜೊತೆ ಆಡುವವನು ಒಂದು ಕೆಟ್ಟ ಹೊಡೆತಕ್ಕೆ ಕೋಲು ಎಸೆದು ಪ್ರಯೋಜನವಿಲ್ಲ, ಮುಂದಿನ ಹೊಡೆತ ಕಾಯುತ್ತಿರುತ್ತೆ.

ಎರಡನೆಯದು ಪಟಿಂಗ್. 1923ರ ಯುಎಸ್ ಓಪನ್‌ಗೆ ಮುಂಚೆ ಜೋನ್ಸ್ ಪಟಿಂಗ್ ಹದಗೆಟ್ಟಿತ್ತು. ಲಾಂಗ್ ಐಲೆಂಡ್‌ನಲ್ಲಿ ಕೋಚ್ ಆಗಿದ್ದ ಜಿಮ್ ಮೇಡನ್, ಅಂದರೆ ಸ್ಟೂವರ್ಟ್ ಅವರ ಅಣ್ಣ-ತಮ್ಮಂದಿರಲ್ಲೊಬ್ಬರು, ತಮ್ಮ ಹತ್ತಿರವಿದ್ದ ಹಳೇ ಪಟರ್ ಒಂದನ್ನು ಕೈಗಿಟ್ಟರು. ಹಿಕರಿ ಮರದ ಹಿಡಿ, ಅಲ್ಲಲ್ಲಿ ದಾರ ಸುತ್ತಿ ಬಿಗಿದದ್ದು. ಹೆಸರು ಕಲಾಮಿಟಿ ಜೇನ್. ಅದರ ಮುಖ ಸುಮಾರು 8 ಡಿಗ್ರಿ ಹಿಂದಕ್ಕೆ ವಾಲಿತ್ತು. ಈಗಿನ ಪಟರ್‌ಗಳಲ್ಲಿ ಈ ಕೋನ ಮೂರೋ ನಾಲ್ಕೋ ಡಿಗ್ರಿ ಅಷ್ಟೆ. ಆಗಿನ ಗ್ರೀನ್‌ಗಳ ಹುಲ್ಲು ದಪ್ಪ. ಚೆಂಡು ಹುಲ್ಲಿನಲ್ಲಿ ಕೂತಿದ್ದ ಜಾಗದಿಂದ ಕೊಂಚ ಮೇಲೆದ್ದು ಆಮೇಲೆ ಉರುಳಬೇಕಿತ್ತು, ಅದಕ್ಕೇ ಆ ಕೋನ. ಆ ವರ್ಷ ನ್ಯೂಯಾರ್ಕ್‌ನ ಇನ್‌ವುಡ್‌ನಲ್ಲಿ ಬಾಬಿ ಕ್ರುಕ್‌ಶ್ಯಾಂಕ್ ಜೊತೆ ಪ್ಲೇ-ಆಫ್ ಆಡಿ ಜೋನ್ಸ್ ಮೊದಲ ಬಾರಿ ಯುಎಸ್ ಓಪನ್ ಗೆದ್ದರು. ಏಳು ವರ್ಷದ ಬರ ಮುಗಿಯಿತು.

ಗೆದ್ದ ಮೇಲೂ ಅವರು ಪಾಠ ಹೇಳಿಸಿಕೊಂಡದ್ದು ನಮಗೆ ದೊಡ್ಡದಾಗಿ ಕಂಡಿತು. 1924ರಲ್ಲಿ ಅಗಸ್ಟಾದಲ್ಲಿ ವಾಲ್ಟರ್ ಟ್ರಾವಿಸ್ ಸಿಕ್ಕರು. ಮೂವತ್ತು ದಾಟಿದ ಮೇಲೆ ಗಾಲ್ಫ್ ಕಲಿತು, ಪಟಿಂಗ್ ಬಲದಿಂದಲೇ ಚಾಂಪಿಯನ್ ಆದ ಮುದುಕ. ಬಾಬಿಯ ಪಟಿಂಗ್‌ನಲ್ಲಿ ದೋಷವಿದೆ ಅಂತ ಟ್ರಾವಿಸ್ 1916ರಲ್ಲೇ ಗುರುತಿಸಿದ್ದರು. ಈಗ ಅವರು ಮೂರು ವಿಷಯ ಹೇಳಿಕೊಟ್ಟರು. ಕಾಲು ಅಗಲಿಸಿ ನಿಲ್ಲಬೇಡ, ಹಿಮ್ಮಡಿಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ಇರಲಿ, ಆಗ ಮೈ ಓಲಾಡಲ್ಲ. ಹಿಡಿತ ಬದಲಿಸು, ಎಡಗೈ ತೋರುಬೆರಳು ಬಲಗೈ ಬೆರಳುಗಳ ಮೇಲೆ ಬರಲಿ, ಎರಡೂ ಕೈ ಒಂದಾಗಿ ಕೆಲಸ ಮಾಡಲಿ. ಚೆಂಡಿನ ಬೆನ್ನಿಗೆ ಒಂದು ಸಣ್ಣ ಮೊಳೆ ಚುಚ್ಚಿದೆ ಅಂದುಕೊಂಡು, ಆ ಮೊಳೆಯನ್ನು ನೇರವಾಗಿ ಒಳಗೆ ಬಡಿಯುವ ಹಾಗೆ ಹೊಡೆ. ಫಿಟ್ಟಿಂಗ್ ವರ್ಕ್‌ಶಾಪ್‌ನಲ್ಲಿ ಸುತ್ತಿಗೆ ಹಿಡಿದವರಿಗೆ ಈ ಮೂರನೇ ಮಾತು ಬಿಡಿಸಿ ಹೇಳಬೇಕಿಲ್ಲ. ಬಲ ಸ್ವಲ್ಪ ಓರೆಯಾದರೆ ಮೊಳೆ ಸೊಟ್ಟ.

ಚೆಂಡಿನ ವೇಗದ ಪಾಠ ಮಾತ್ರ ಹಳೇ ಗುರು ಸ್ಟೂವರ್ಟ್ ಮೇಡನ್ ಅವರದ್ದು. ಕುಳಿಯ ಅಂಚಿಗೆ ಬರುವ ಹೊತ್ತಿಗೆ ಚೆಂಡಿನ ಉಸಿರು ಮುಗಿದಿರಬೇಕು. ಹಾಗೆ ಬಂದ ಚೆಂಡಿಗೆ ಕುಳಿ ನಾಲ್ಕು ಬಾಗಿಲಿನ ಮನೆ. ಮುಂದಿನಿಂದ ಬಂದರೂ ಸರಿ, ಪಕ್ಕದಿಂದ ಬಂದರೂ ಸರಿ, ಸುತ್ತಿ ಹಿಂದಿನಿಂದ ಬಂದರೂ ಸರಿ, ಒಳಗೆ ಬೀಳುತ್ತೆ. ರಭಸವಾಗಿ ಬಂದ ಚೆಂಡಿಗೆ ಮುಂಬಾಗಿಲು ಒಂದೇ, ಅದೂ ನಟ್ಟನಡುವೆ ನುಗ್ಗಿದರೆ ಮಾತ್ರ. ಇದನ್ನು ನಮ್ಮ ಭಾಷೆಯಲ್ಲಿ ನೋಡಿ. ಕುಳಿಯ ವ್ಯಾಸ 108 ಮಿಲಿಮೀಟರ್. ಚೆಂಡು ಅದನ್ನು ದಾಟುವಷ್ಟರಲ್ಲಿ ಗುರುತ್ವ ಅದನ್ನು ಸಾಕಷ್ಟು ಕೆಳಕ್ಕೆ ಎಳೆಯಬೇಕು. ವೇಗ ಹೆಚ್ಚಿದರೆ ಸಿಗುವ ಸಮಯ ಕಡಿಮೆ. ಅಂಚಿನ ಕಡೆಯಿಂದ ಬಂದರೆ ದಾಟುವ ದೂರವೂ ಕಡಿಮೆ, ಚೆಂಡು ತುಟಿ ಸವರಿ ಆಚೆ ಹೋಗುತ್ತೆ. ಅಂದರೆ ವೇಗ ಹೆಚ್ಚಿಸಿದಷ್ಟೂ ನೀವೇ ಕುಳಿಯನ್ನು ಚಿಕ್ಕದು ಮಾಡಿಕೊಳ್ಳುತ್ತೀರಿ. ದೂರದ ಪಟ್‌ಗಳಲ್ಲಂತೂ ದಿಕ್ಕಿಗಿಂತ ದೂರದ ಅಂದಾಜೇ ಹೆಚ್ಚು ತಪ್ಪುತ್ತೆ. ಅದನ್ನು ಸರಿಮಾಡಿಕೊಂಡವನ ಮೂರನೇ ಪಟ್ ಉಳಿಯುತ್ತೆ, ಸ್ಕೋರ್ ಇಳಿಯುತ್ತೆ.

ಇನ್ನು 1925. ಮ್ಯಾಸಚೂಸೆಟ್ಸ್‌ನ ವೂಸ್ಟರ್‌ನಲ್ಲಿ ಯುಎಸ್ ಓಪನ್. ಮೊದಲ ಸುತ್ತಿನ 11ನೇ ಕುಳಿಯಲ್ಲಿ ಜೋನ್ಸ್ ಚೆಂಡು ಉದ್ದ ಹುಲ್ಲಿನಲ್ಲಿತ್ತು. ಹೊಡೆಯಲು ಕೋಲು ಇಡುತ್ತಿದ್ದಂತೆ ಚೆಂಡು ಚೂರೇ ಚೂರು ಅಲುಗಿತು. ಜೊತೆಗೆ ಆಡುತ್ತಿದ್ದ ವಾಲ್ಟರ್ ಹೇಗನ್ ನೋಡಿರಲಿಲ್ಲ. ಅಧಿಕಾರಿಗಳು ನೋಡಿರಲಿಲ್ಲ. ಜನ ನೋಡಿರಲಿಲ್ಲ. ಕ್ಯಾಮೆರಾ, ರೀಪ್ಲೇ ಯಾವುದೂ ಇಲ್ಲದ ಕಾಲ. ಜೋನ್ಸ್ ತಾವೇ ಹೋಗಿ ಹೇಳಿ ಒಂದು ಹೊಡೆತದ ದಂಡ ಹಾಕಿಸಿಕೊಂಡರು. ಬೇಡ ಅಂತ ಒಪ್ಪಿಸಲು ನೋಡಿದವರಿಗೂ ಜಗ್ಗಲಿಲ್ಲ. ನಾಲ್ಕು ಸುತ್ತು ಮುಗಿದಾಗ ಅವರೂ ವಿಲ್ಲಿ ಮ್ಯಾಕ್‌ಫಾರ್ಲೇನ್ ಅವರೂ ತಲಾ 291ಕ್ಕೆ ಸಮ. ಆ ದಂಡ ಇಲ್ಲದಿದ್ದರೆ ಕಪ್ ಜೋನ್ಸ್‌ದು. ಪ್ಲೇ-ಆಫ್‌ನ ಮೊದಲ 18 ಕುಳಿಯೂ ಸಮ, 75-75. ಎರಡನೇ 18ರಲ್ಲಿ ಮ್ಯಾಕ್‌ಫಾರ್ಲೇನ್ 72, ಜೋನ್ಸ್ 73. ಮತ್ತೆ ಒಂದು ಹೊಡೆತ. ಪ್ರಾಮಾಣಿಕತೆಯನ್ನು ಹೊಗಳಿದವರ ಮೇಲೆ ಜೋನ್ಸ್‌ಗೆ ಬೇಸರವೇ ಆಯಿತಂತೆ. ಕದಿಯದೇ ಇದ್ದದ್ದಕ್ಕೆ ಯಾರಾದರೂ ಸನ್ಮಾನ ಮಾಡ್ತಾರಾ ಅನ್ನುವ ಧಾಟಿ ಅವರದು.

1926ರಲ್ಲಿ ಬ್ರಿಟಿಷ್ ಓಪನ್‌ನ ಅರ್ಹತಾ ಸುತ್ತು ಲಂಡನ್ ಹತ್ತಿರದ ಸನಿಂಗ್‌ಡೇಲ್‌ನಲ್ಲಿ. ಜೋನ್ಸ್ ಅಲ್ಲಿ 66ರಲ್ಲಿ ಮುಗಿಸಿದರು. ಮೊದಲ ಒಂಬತ್ತು ಕುಳಿಗೆ 33, ಕೊನೆಯ ಒಂಬತ್ತಕ್ಕೆ 33. ಇನ್ನೊಂದು ರೀತಿಯಲ್ಲಿ ಎಣಿಸಿದರೂ ಅದೇ. 33 ಪಟ್, 33 ಬೇರೆ ಹೊಡೆತ. ಆ ಕಾಲದ ಜನ ಹೆಚ್ಚುಕಮ್ಮಿ ದೋಷವೇ ಇಲ್ಲದ ಆಟ ಅಂದ ಆ ಸುತ್ತಿನಲ್ಲೂ ಅರ್ಧ ಕೆಲಸ ಪಟರ್‌ನದ್ದೇ. ಆ ವರ್ಷ ಬ್ರಿಟಿಷ್ ಓಪನ್, ಯುಎಸ್ ಓಪನ್ ಎರಡೂ ಅವರ ಪಾಲಾದವು. ಮರುವರ್ಷ ಬ್ರಿಟಿಷ್ ಓಪನ್ ನಡೆದದ್ದು ಸೇಂಟ್ ಆಂಡ್ರೂಸ್‌ನಲ್ಲಿ. ಆರು ವರ್ಷದ ಹಿಂದೆ ಕಾರ್ಡ್ ಹರಿದಿದ್ದ ಅದೇ ಮೈದಾನ. ಈ ಸಲ 285ರ ದಾಖಲೆ ಸ್ಕೋರ್. ಜನ ಹೆಗಲ ಮೇಲೆ ಹೊತ್ತು ಮೆರೆಸಿದರು. ಕಪ್ಪನ್ನು ಅಮೆರಿಕಕ್ಕೆ ಒಯ್ಯದೆ ಇಲ್ಲೇ ಇಟ್ಟುಕೊಳ್ಳಿ ಅಂತ ಜೋನ್ಸ್ ಕೇಳಿಕೊಂಡಾಗ ಆ ಊರಿಗೂ ಅವರಿಗೂ ಇದ್ದ ಹಳೇ ಬಾಕಿ ಚುಕ್ತಾ ಆಯಿತು.

ಹೊರಗೆ ಶಾಂತವಾಗಿ ಕಾಣುತ್ತಿದ್ದರೂ ಒಳಗೆ ಅಷ್ಟು ಸುಲಭವಿರಲಿಲ್ಲ. ಒಂದು ಪಂದ್ಯಾವಳಿ ಮುಗಿಯುವಷ್ಟರಲ್ಲಿ ಹತ್ತು ಪೌಂಡಿಗೂ ಹೆಚ್ಚು ತೂಕ ಇಳಿಯುತ್ತಿದ್ದುದುಂಟು. 1929ರ ಯುಎಸ್ ಓಪನ್‌ನಲ್ಲಿ, ನ್ಯೂಯಾರ್ಕ್ ಹತ್ತಿರದ ವಿಂಗ್ಡ್ ಫುಟ್‌ನಲ್ಲಿ, ಕೊನೇ ಸುತ್ತಿನಲ್ಲಿದ್ದ ದೊಡ್ಡ ಮುನ್ನಡೆಯನ್ನು ತಾವೇ ಚೆಲ್ಲಿಕೊಂಡರು. ಕೊನೆಯ ಗ್ರೀನ್ ಮೇಲೆ 12 ಅಡಿಯ ಪಟ್. ಓರೆ ಇಳಿಜಾರು, ಗೆರೆ ಕೂಡ ನೇರವಿಲ್ಲ. ಬಿದ್ದರೆ ಅಲ್ ಎಸ್ಪಿನೋಸಾ ಜೊತೆ ಸಮ, ಬೀಳದಿದ್ದರೆ ಗೆದ್ದ ಪಂದ್ಯವನ್ನು ಕೈಯಾರೆ ಕಳೆದುಕೊಂಡ ಹಾಗೆ. ಚೆಂಡು ಅಂಚಿಗೆ ಬಂದು, ಒಂದು ಕ್ಷಣ ನಿಂತ ಹಾಗೆ ಕಂಡು, ಒಳಗೆ ಬಿತ್ತು. ಉಸಿರು ಮುಗಿದ ಚೆಂಡು, ನಾಲ್ಕು ಬಾಗಿಲಿನ ಮನೆ. ಮರುದಿನ 36 ಕುಳಿಯ ಪ್ಲೇ-ಆಫ್‌ನಲ್ಲಿ ಜೋನ್ಸ್ ಗೆದ್ದ ಅಂತರ 23 ಹೊಡೆತ.

1930ರಲ್ಲಿ ಆಗಿದ್ದನ್ನು ಯಾರೂ ಅದುವರೆಗೆ ಮಾಡಿರಲಿಲ್ಲ. ಮೇ ತಿಂಗಳಲ್ಲಿ ಸೇಂಟ್ ಆಂಡ್ರೂಸ್‌ನಲ್ಲಿ ಬ್ರಿಟಿಷ್ ಅಮೆಚೂರ್. ಜೂನ್‌ನಲ್ಲಿ ಹೊಯ್‌ಲೇಕ್‌ನಲ್ಲಿ ಬ್ರಿಟಿಷ್ ಓಪನ್. ಜುಲೈನಲ್ಲಿ ಮಿನಿಯಾಪೊಲಿಸ್‌ನ ಇಂಟರ್‌ಲಾಕೆನ್‌ನಲ್ಲಿ ಯುಎಸ್ ಓಪನ್. ಅಲ್ಲಿನ ಸೆಖೆಗೆ ಬೆವರಿ ಟೈ ಗಂಟು ಬಿಚ್ಚಲಾಗದೆ ಕತ್ತರಿಸಬೇಕಾಯಿತು, ಕೊನೆಯ ಗ್ರೀನ್ ಮೇಲೆ ಸುಮಾರು 40 ಅಡಿಯ ಪಟ್ ಬಿತ್ತು. ಸೆಪ್ಟೆಂಬರ್ 27ರಂದು ಮೆರಿಯನ್‌ನಲ್ಲಿ, 14ನೇ ವಯಸ್ಸಿನಲ್ಲಿ ಮೊದಲು ಆಡಿದ ಅದೇ ಮೆರಿಯನ್‌ನಲ್ಲಿ, ಯುಎಸ್ ಅಮೆಚೂರ್. ಒಂದೇ ವರ್ಷ ನಾಲ್ಕೂ ಪ್ರಶಸ್ತಿ. ಒಟ್ಟು 13 ದೊಡ್ಡ ಪ್ರಶಸ್ತಿ. ವಯಸ್ಸು 28. ಎರಡು ತಿಂಗಳೊಳಗೆ ಸ್ಪರ್ಧೆಗಳಿಂದ ನಿವೃತ್ತಿ ಘೋಷಿಸಿಬಿಟ್ಟರು.

ಆಮೇಲೆ ಅವರು ಮಾಡಿದ ಕೆಲಸಗಳಲ್ಲಿ ನಮ್ಮ ವಿಷಯಕ್ಕೆ ಹತ್ತಿರವಾದದ್ದು ಪಾಠ. 1931ರಲ್ಲಿ ವಾರ್ನರ್ ಬ್ರದರ್ಸ್ ಕಂಪನಿ ಜೋನ್ಸ್ ಕೈಯಲ್ಲಿ ಗಾಲ್ಫ್ ಕಲಿಸುವ 12 ಕಿರುಚಿತ್ರಗಳನ್ನು ಮಾಡಿಸಿತು. ಸಿನಿಮಾ ಟಾಕೀಸುಗಳಲ್ಲಿ ಜನ ನೋಡಿ ಕಲಿತರು. ಯೂಟ್ಯೂಬ್ ಟ್ಯುಟೋರಿಯಲ್‌ಗಳ ಮುತ್ತಜ್ಜ ಅನ್ನಬಹುದು. ಜಗತ್ತಿನ ಅತಿ ಚಂದದ ಸ್ವಿಂಗ್ ಇದ್ದ ಮನುಷ್ಯ, ಎಲ್ಲರೂ ಅದನ್ನೇ ನೋಡೋಕೆ ಕಾಯ್ತಿದ್ದರು. ಆದರೆ ಮೊದಲ ಕಂತು ಪಟರ್ ಬಗ್ಗೆ. ಎರಡನೆಯದು ಗ್ರೀನ್ ಪಕ್ಕದ ಪುಟ್ಟ ಹೊಡೆತದ ಬಗ್ಗೆ. ದೂರ ಹೊಡೆಯುವ ಪಾಠ ಆಮೇಲೆ. ಸ್ಕೋರ್ ಇಳಿಸುವ ದಾರಿ ಕುಳಿಯ ಹತ್ತಿರದಿಂದ ಹಿಂದಕ್ಕೆ ಹೋಗುತ್ತೆ ಅನ್ನೋದನ್ನು ಕಂತುಗಳ ಸಾಲೇ ಹೇಳುತ್ತೆ. 1933ರ ಎರಡನೇ ಸರಣಿಯ ಗುರಿ ಇನ್ನೂ ನೇರ: ಸಾಮಾನ್ಯ ಆಟಗಾರನ ಸ್ಕೋರನ್ನು 90ಕ್ಕಿಂತ ಕೆಳಗೆ ತರೋದು.

ಅಗಸ್ಟಾದಲ್ಲಿ ಅಲಿಸ್ಟರ್ ಮೆಕೆಂಜಿ ಜೊತೆ ಸೇರಿ ಅವರು ಮೈದಾನ ರೂಪಿಸಿದರು. ಅಲ್ಲಿ 1934ರಲ್ಲಿ ಶುರುವಾದ ಪಂದ್ಯಾವಳಿಯೇ ಇವತ್ತಿನ ಮಾಸ್ಟರ್ಸ್. ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗೋದು ಸರಿಯಲ್ಲ. ಆ ಮಾಸ್ಟರ್ಸ್‌ನಲ್ಲಿ ಒಬ್ಬ ಕಪ್ಪು ಆಟಗಾರ ಆಡಲು 1975ರವರೆಗೆ, ಆ ಕ್ಲಬ್ಬಿಗೆ ಒಬ್ಬ ಕಪ್ಪು ಸದಸ್ಯ ಬರಲು 1990ರವರೆಗೆ ಕಾಯಬೇಕಾಯಿತು. ತಮ್ಮ ಕಾರ್ಡಿನಲ್ಲಿ ಒಂದು ಹೊಡೆತವನ್ನೂ ಮುಚ್ಚಿಡದ ಮನುಷ್ಯ ಕಟ್ಟಿದ ಜಾಗದ ಲೆಕ್ಕದಲ್ಲಿ ಇದೂ ಸೇರಬೇಕು.

1948ರ ನಂತರ ಜೋನ್ಸ್ ಗಾಲ್ಫ್ ಆಡಲಿಲ್ಲ. ಬೆನ್ನುಹುರಿಯೊಳಗೆ ದ್ರವ ತುಂಬಿದ ಪೊಳ್ಳು ಬೆಳೆಯುವ ಸಿರಿಂಗೋಮೈಲಿಯಾ ಎಂಬ ಕಾಯಿಲೆ. ಮೊದಲು ಕೋಲು, ಆಮೇಲೆ ಊರುಗೋಲು, ಕೊನೆಗೆ ಗಾಲಿಕುರ್ಚಿ. ಚೆಂಡಿನ ಒಂದು ಮಿಲಿಮೀಟರ್ ಅಲುಗಾಟ ಗುರುತಿಸಿದ್ದ ಆ ಕೈಗಳಿಗೆ ಪೆನ್ನು ಹಿಡಿಯೋದೂ ಕಷ್ಟವಾಯಿತು. 1958ರಲ್ಲಿ ಸೇಂಟ್ ಆಂಡ್ರೂಸ್ ಅವರನ್ನು ಕರೆದು ಪೌರ ಗೌರವ ಕೊಟ್ಟಿತು. ಬೆಂಜಮಿನ್ ಫ್ರಾಂಕ್ಲಿನ್ ನಂತರ ಅದನ್ನು ಪಡೆದ ಮೊದಲ ಅಮೆರಿಕನ್ ಅವರೇ. ಹಳೇ ಮೈದಾನದ 10ನೇ ಕುಳಿಗೆ ಮುಂದೆ ಅವರ ಹೆಸರೇ ಬಂತು. ಕಾರ್ಡ್ ಹರಿದ 11ನೇ ಕುಳಿ ಅದರ ಪಕ್ಕದಲ್ಲೇ ಇದೆ. 1971ರ ಡಿಸೆಂಬರ್ 18ರಂದು ಅಟ್ಲಾಂಟಾದಲ್ಲಿ ಅವರು ತೀರಿಕೊಂಡ ಸುದ್ದಿ ಮುಟ್ಟಿದಾಗ ಸೇಂಟ್ ಆಂಡ್ರೂಸ್‌ನಲ್ಲಿ ಆಡುತ್ತಿದ್ದವರು ಆಟ ನಿಲ್ಲಿಸಿದರು.

ಇದನ್ನು ಬರೆಯುವ ಹೊತ್ತಿಗೆ ನಮ್ಮಲ್ಲಿ ಒಂದು ಚರ್ಚೆ ಎದ್ದಿತು. ಲ್ಯಾಬ್‌ನಲ್ಲಿ ಒಂದು ರೀಡಿಂಗ್ ಗ್ರಾಫ್‌ಗೆ ಹೊಂದಲಿಲ್ಲ ಅಂದ್ರೆ ನಾವೇನು ಮಾಡ್ತೀವಿ? ಸುಳ್ಳು ಯಾಕೆ, ಪಕ್ಕದ ಬ್ಯಾಚ್ ರೆಕಾರ್ಡ್ ನೋಡಿ ತಿದ್ದಿ ಬರೆದವರೇ ನಾವು. ಯಾರೂ ನೋಡಲ್ಲ. ಮಾರ್ಕ್ ಕೂಡ ಬರುತ್ತೆ. ಆದರೆ ತಿದ್ದಿದ ಕಾರ್ಡ್ ಇಟ್ಟುಕೊಂಡವನಿಗೆ ತನ್ನ ಆಟದಲ್ಲಿ ಎಲ್ಲಿ ತಪ್ಪಿದೆ ಅನ್ನೋದೇ ಗೊತ್ತಾಗಲ್ಲ. ಜೋನ್ಸ್ ತಮ್ಮ ಹೊಡೆತಗಳನ್ನು ಸರಿಯಾಗಿ ಎಣಿಸಿದರು, ಎಲ್ಲಿ ಸೋರುತ್ತಿದೆ ಅಂತ ಕಂಡುಕೊಂಡರು, ಅಲ್ಲಿಗೆ ಹೋಗಿ ಪಾಠ ಕೇಳಿದರು. ಆಮೇಲೆ ಸ್ಕೋರ್ ಇಳಿಯಿತು.

ಮುಂದಿನ ಗುರುವಾರ ಫ್ಲೂಯಿಡ್ ಮೆಕ್ಯಾನಿಕ್ಸ್ ಲ್ಯಾಬ್ ಇದೆ. ಬಂದ ರೀಡಿಂಗನ್ನೇ ಬರೆಯೋಣ ಅಂತ ನಮ್ಮ ಬ್ಯಾಚ್ ಮಾತಾಡಿಕೊಂಡಿದೆ. ವೈವಾದಲ್ಲಿ ಏನಾಗುತ್ತೆ ಅಂತ ಮುಂದಿನ ಸಂಚಿಕೆಯಲ್ಲಿ ತಿಳಿಸ್ತೀವಿ.